ದಕ್ಷಿಣ ಆಫ್ರಿಕಾ ಮತ್ತು ಸಹ್ರಾವಿ ಗಣರಾಜ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದ ಭೂಪಟ ಬಿಡಿಸಿ ನೋಡಿದರೆ ವಾಯವ್ಯ ಮೂಲೆಯಲ್ಲಿ, ಮೊರಾಕ್ಕೊದ ಕೆಳಗೆ, ಬಹುತೇಕ ಪಟಗಳಲ್ಲಿ ಒಂದು ಚುಕ್ಕೆಗೆರೆ ಕಾಣುತ್ತದೆ. ಗಡಿ ಇನ್ನೂ ಇತ್ಯರ್ಥವಾಗಿಲ್ಲ ಎಂಬುದರ ಗುರುತು ಅದು. ಆ ಗೆರೆಯ ಕೆಳಗಿನ ನೆಲ ತಮ್ಮದೆಂದು ಹೇಳುವ ಸರ್ಕಾರವೊಂದಕ್ಕೆ, ಖಂಡದ ಇನ್ನೊಂದು ತುದಿಯಲ್ಲಿರುವ ದಕ್ಷಿಣ ಆಫ್ರಿಕಾ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಮಾನ್ಯತೆ ಕೊಟ್ಟು ಅದಕ್ಕೆ ಅಂಟಿಕೊಂಡು ನಿಂತಿದೆ. ಈ ಸಂಬಂಧದ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಸಹ್ರಾವಿ ಗಣರಾಜ್ಯ ಎಂದರೆ ಯಾವುದು? ಪಶ್ಚಿಮ ಸಹಾರಾ ಎಂದರೂ ಅದೇ ತಾನೇ?

ಎರಡೂ ಒಂದೇ ಅಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ಪಶ್ಚಿಮ ಸಹಾರಾ ಎಂಬುದು ಒಂದು ಭೂಪ್ರದೇಶದ ಹೆಸರು. ಸುಮಾರು 2,66,000 ಚದರ ಕಿಲೋಮೀಟರ್ ವಿಸ್ತಾರದ, ಅಟ್ಲಾಂಟಿಕ್ ಕರಾವಳಿಯ ಮರುಭೂಮಿ ಅದು. 1884ರಿಂದ ಸ್ಪೇನ್‌ನ ವಸಾಹತಾಗಿತ್ತು. ವಿಶ್ವಸಂಸ್ಥೆ ತಯಾರಿಸಿರುವ ಇನ್ನೂ ಸ್ವಯಮಾಡಳಿತ ಸಿಗದ ಪ್ರದೇಶಗಳ ಪಟ್ಟಿಯಲ್ಲಿ 1963ರಿಂದ ಇಂದಿನವರೆಗೂ ಅದರ ಹೆಸರಿದೆ.

ಸಹ್ರಾವಿ ಅರಬ್ ಪ್ರಜಾಸತ್ತಾತ್ಮಕ ಗಣರಾಜ್ಯ ಎಂಬುದು ಆ ಪ್ರದೇಶ ತನ್ನದೆಂದು ಹೇಳುವ ರಾಷ್ಟ್ರದ ಹೆಸರು. 1973ರ ಮೇ ತಿಂಗಳಲ್ಲಿ ಹುಟ್ಟಿದ ಪೊಲಿಸಾರಿಯೊ ಎಂಬ ವಿಮೋಚನಾ ಸಂಘಟನೆ, ಸ್ಪೇನ್ ಜಾಗ ಖಾಲಿ ಮಾಡಿದ ಮರುದಿನ, ಅಂದರೆ 1976ರ ಫೆಬ್ರವರಿ 27ರಂದು, ಬೀರ್ ಲಹ್ಲೂ ಎಂಬ ಮರುಭೂಮಿಯ ನೆಲೆಯಲ್ಲಿ ಈ ಗಣರಾಜ್ಯವನ್ನು ಘೋಷಿಸಿತು. ಮರುದಿನವೇ ಮಡಗಾಸ್ಕರ್ ಮಾನ್ಯತೆ ಕೊಟ್ಟಿತು. ಅಲ್ಲಿಂದೀಚೆಗೆ 80ಕ್ಕೂ ಹೆಚ್ಚು ದೇಶಗಳು ಒಂದಲ್ಲ ಒಂದು ಕಾಲದಲ್ಲಿ ಮಾನ್ಯತೆ ನೀಡಿವೆ. ಅವುಗಳಲ್ಲಿ ಹಲವು ಆಮೇಲೆ ಹಿಂದೆಗೆದುಕೊಂಡಿವೆ ಅಥವಾ ಅಮಾನತಿನಲ್ಲಿಟ್ಟಿವೆ. ವಿಶ್ವಸಂಸ್ಥೆಯ ಸದಸ್ಯತ್ವ ಅದಕ್ಕಿಲ್ಲ. ಆಫ್ರಿಕಾ ಒಕ್ಕೂಟದ ಪೂರ್ಣ ಸದಸ್ಯತ್ವ ಇದೆ. ‘ಭಾಗಶಃ ಮಾನ್ಯತೆ ಪಡೆದ ರಾಷ್ಟ್ರ’ ಎಂದು ಕರೆಯುವುದು ಈ ಕಾರಣಕ್ಕೆ.

ಹಾಗಾದರೆ ಈಗ ಆ ನೆಲ ಯಾರ ಕೈಯಲ್ಲಿದೆ?

ಐದರಲ್ಲಿ ನಾಲ್ಕು ಪಾಲು ಮೊರಾಕ್ಕೊದ ಹಿಡಿತದಲ್ಲಿದೆ. 1975ರ ಅಕ್ಟೋಬರ್ 16ರಂದು ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯ ನೀಡಿತು. ಅಲ್ಲಿನ ಕೆಲವು ಬುಡಕಟ್ಟುಗಳು ಮೊರಾಕ್ಕೊದ ಸುಲ್ತಾನನಿಗೆ ನಿಷ್ಠೆ ಸಲ್ಲಿಸುತ್ತಿದ್ದುದು ನಿಜ, ಆದರೆ ಅದರಿಂದ ನೆಲದ ಮೇಲೆ ಸಾರ್ವಭೌಮತ್ವ ಸಾಬೀತಾಗುವುದಿಲ್ಲ, ಜನರ ಸ್ವನಿರ್ಣಯದ ಹಕ್ಕಿಗೆ ಅಡ್ಡಿಯಾಗುವುದಿಲ್ಲ ಎಂಬುದು ಅದರ ಸಾರ. ಮೂರೇ ವಾರಗಳಲ್ಲಿ, ನವೆಂಬರ್ 6ರಂದು, ಮೊರಾಕ್ಕೊದ ರಾಜ ಎರಡನೇ ಹಸನ್ ಸುಮಾರು 3,50,000 ನಾಗರಿಕರನ್ನು ‘ಹಸಿರು ಮೆರವಣಿಗೆ’ಯ ಹೆಸರಿನಲ್ಲಿ ಗಡಿ ದಾಟಿಸಿದರು. ಅದೇ ತಿಂಗಳ 14ರಂದು ಮ್ಯಾಡ್ರಿಡ್ ಒಪ್ಪಂದದಲ್ಲಿ ಸ್ಪೇನ್ ಆ ಪ್ರದೇಶದ ಆಡಳಿತವನ್ನು ಮೊರಾಕ್ಕೊ ಮತ್ತು ಮಾರಿಟೇನಿಯಾಗಳಿಗೆ ಬಿಟ್ಟುಕೊಟ್ಟಿತು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ.

ಮಾರಿಟೇನಿಯಾ 1979ರಲ್ಲಿ ಹಿಂದೆ ಸರಿಯಿತು. ಅದು ಬಿಟ್ಟ ಭಾಗವನ್ನೂ ಮೊರಾಕ್ಕೊ ಸೇರಿಸಿಕೊಂಡಿತು. 1980ರ ದಶಕದಲ್ಲಿ ಸುಮಾರು 2,700 ಕಿಲೋಮೀಟರ್ ಉದ್ದದ ಮರಳು ದಿಬ್ಬದ ಗೋಡೆ ಎದ್ದಿತು, ಅದರ ಉದ್ದಕ್ಕೂ ನೆಲಬಾಂಬುಗಳನ್ನು ಹೂಳಲಾಯಿತು. ಗೋಡೆಯ ಪಶ್ಚಿಮಕ್ಕೆ ಸಮುದ್ರ, ಮೀನು, ಫಾಸ್ಫೇಟ್ ಗಣಿ, ಊರುಗಳು. ಪೂರ್ವಕ್ಕೆ ಬರಡು ನೆಲದ ಒಂದು ಪಟ್ಟಿ. ಪೊಲಿಸಾರಿಯೊ ಬಳಿ ಇರುವುದು ಅಷ್ಟೇ.

ದಕ್ಷಿಣ ಆಫ್ರಿಕಾ ಯಾವಾಗ ಮಾನ್ಯತೆ ಕೊಟ್ಟಿತು?

2004ರ ಸೆಪ್ಟೆಂಬರ್ 15ರಂದು, ಥಾಬೊ ಎಂಬೆಕಿ ಅಧ್ಯಕ್ಷರಾಗಿದ್ದಾಗ.

ವರ್ಣಭೇದ ಆಡಳಿತ 1994ರಲ್ಲೇ ಕೊನೆಗೊಂಡಿತಲ್ಲ? ಹತ್ತು ವರ್ಷ ತಡವೇಕೆ?

ಇದು ಒಳ್ಳೆಯ ಪ್ರಶ್ನೆ. ವರ್ಣಭೇದದ ವಿರುದ್ಧ ಹೋರಾಡಿದ ಮಂಡೇಲಾ ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮತ್ತು ಪೊಲಿಸಾರಿಯೊ ನಡುವಿನ ಒಡನಾಟ ಹಳೆಯದು. ಎರಡಕ್ಕೂ ಅಲ್ಜೀರಿಯಾ ಆಸರೆಯಾಗಿತ್ತು. ಇನ್ನೊಂದು ವಿವರವನ್ನೂ ಮರೆಯಬಾರದು: ಪೊಲಿಸಾರಿಯೊ ವಿರುದ್ಧದ ಮರುಭೂಮಿಯ ಯುದ್ಧದಲ್ಲಿ ಮೊರಾಕ್ಕೊ ಸೇನೆ ಬಳಸಿದ ರಾಟೆಲ್ ಶಸ್ತ್ರಸಜ್ಜಿತ ವಾಹನಗಳು ವರ್ಣಭೇದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ತಯಾರಾದವು. ಅವುಗಳಲ್ಲಿ ಕೆಲವನ್ನು ಪೊಲಿಸಾರಿಯೊ ಯೋಧರು ವಶಪಡಿಸಿಕೊಂಡಿದ್ದರು. ಸೊವೆಟೊದಲ್ಲಿ ಕರಿಯರ ಮೇಲೆ ಗುಂಡು ಹಾರಿಸುತ್ತಿದ್ದ ಸರ್ಕಾರದ ಉಕ್ಕು ಸಹಾರಾದಲ್ಲೂ ಉರುಳಿತ್ತು. ಹೊಸ ದಕ್ಷಿಣ ಆಫ್ರಿಕಾಕ್ಕೆ ಇದರ ಋಣಭಾರ ಇತ್ತು ಎಂದೇ ನಾನು ತಿಳಿಯುತ್ತೇನೆ.

ನೆಲ್ಸನ್ ಮಂಡೇಲಾ ಮಾನ್ಯತೆಯ ಭರವಸೆ ಕೊಟ್ಟಿದ್ದರು. ಆದರೆ ಆಗಷ್ಟೇ 1991ರ ಸೆಪ್ಟೆಂಬರ್ 6ರ ಕದನ ವಿರಾಮ ಜಾರಿಗೆ ಬಂದಿತ್ತು. ಸ್ವಾತಂತ್ರ್ಯ ಬೇಕೋ ಮೊರಾಕ್ಕೊದೊಂದಿಗೆ ಇರಬೇಕೋ ಎಂದು ಸಹ್ರಾವಿಗಳನ್ನೇ ಕೇಳುವ ಜನಮತಗಣನೆ ನಡೆಸಲು ವಿಶ್ವಸಂಸ್ಥೆ ಮಿನುರ್ಸೊ ಎಂಬ ಪಡೆಯನ್ನು ಕಳುಹಿಸಿತ್ತು. ಮಧ್ಯಸ್ಥಿಕೆ ನಡೆಯುತ್ತಿರುವಾಗ ಅವಸರ ಬೇಡ ಎಂಬ ಒತ್ತಡ ಬಂತು. ದಕ್ಷಿಣ ಆಫ್ರಿಕಾ ಕಾಯಿತು.

ಜನಮತಗಣನೆ 1992ರ ಜನವರಿಯಲ್ಲಿ ನಡೆಯಬೇಕಿತ್ತು. ಮತದಾರ ಯಾರು ಎಂಬ ತಕರಾರಿನಲ್ಲೇ ಅದು ಸಿಕ್ಕಿಬಿದ್ದಿತು. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಬಂದು, 2003ರಲ್ಲಿ ತಮ್ಮ ಎರಡನೇ ಯೋಜನೆ ಮುಂದಿಟ್ಟರು: ಕೆಲವು ವರ್ಷ ಸ್ವಾಯತ್ತತೆ, ಆಮೇಲೆ ಜನಮತಗಣನೆ. ಅಲ್ಲಿ ನೆಲೆಸಿದ್ದ ಮೊರಾಕ್ಕೊದ ಜನರಿಗೂ ಮತದ ಹಕ್ಕು ಕೊಡುವ ಯೋಜನೆ ಅದು. ಭದ್ರತಾ ಮಂಡಳಿ ಒಮ್ಮತದಿಂದ ಬೆಂಬಲಿಸಿತು, ಪೊಲಿಸಾರಿಯೊ ಒಪ್ಪಿತು. ಸ್ವಾತಂತ್ರ್ಯ ಎಂಬ ಆಯ್ಕೆಯೇ ಇರಕೂಡದು ಎಂದು ಮೊರಾಕ್ಕೊ 2004ರ ಏಪ್ರಿಲ್‌ನಲ್ಲಿ ತಿರಸ್ಕರಿಸಿತು. ಜೂನ್‌ನಲ್ಲಿ ಬೇಕರ್ ರಾಜೀನಾಮೆ ಕೊಟ್ಟರು. ಆಗಸ್ಟ್ ಆರಂಭದಲ್ಲಿ ಎಂಬೆಕಿ ರಾಜ ಆರನೇ ಮೊಹಮ್ಮದ್ ಅವರಿಗೆ ದೀರ್ಘ ಪತ್ರ ಬರೆದು, ಇನ್ನೂ ಸುಮ್ಮನಿದ್ದರೆ ಒಂದು ಜನಾಂಗದ ಹಕ್ಕು ಕಸಿಯುವುದರಲ್ಲಿ ದಕ್ಷಿಣ ಆಫ್ರಿಕಾವೂ ಭಾಗಿಯಾದಂತೆ ಎಂಬ ಅರ್ಥದ ಮಾತು ಹೇಳಿದರು. ಮುಂದಿನ ತಿಂಗಳು ಮಾನ್ಯತೆ ಘೋಷಣೆಯಾಯಿತು.

ಆ ವರ್ಷದ ಮೇ 15ರಂದು 2010ರ ಫುಟ್‌ಬಾಲ್ ವಿಶ್ವಕಪ್ ಆತಿಥ್ಯದ ಮತದಾನದಲ್ಲಿ ದಕ್ಷಿಣ ಆಫ್ರಿಕಾ ಮೊರಾಕ್ಕೊವನ್ನು 14–10ರಿಂದ ಸೋಲಿಸಿತ್ತು. ಅದು ಮುಗಿಯಲೆಂದೇ ಕಾದಿದ್ದರು ಎಂಬ ಮಾತು ಕೇಳಿಬರುತ್ತದೆ. ಇರಬಹುದು. ಆದರೆ ನಿರ್ಣಾಯಕವಾದದ್ದು ಬೇಕರ್ ಯೋಜನೆಯ ಸಾವು ಎಂಬುದು ದಿನಾಂಕಗಳನ್ನು ಸಾಲಾಗಿಟ್ಟು ನೋಡಿದರೆ ತಿಳಿಯುತ್ತದೆ.

ಮೊರಾಕ್ಕೊ ಒಂದು ಕಾಲದಲ್ಲಿ ಮಂಡೇಲಾ ಅವರಿಗೇ ನೆರವಾಗಿತ್ತಲ್ಲವೇ? ಇದು ಕೃತಘ್ನತೆಯಾಗುವುದಿಲ್ಲವೇ?

ನೆರವಾದದ್ದು ನಿಜ. 1962ರಲ್ಲಿ ಮಂಡೇಲಾ ಮೊರಾಕ್ಕೊಕ್ಕೆ ಹೋಗಿ, ಔಜ್ದಾ ಪಟ್ಟಣದ ಬಳಿ ಬೀಡುಬಿಟ್ಟಿದ್ದ ಅಲ್ಜೀರಿಯಾದ ವಿಮೋಚನಾ ಸೇನೆಯಿಂದ ಸೈನಿಕ ತರಬೇತಿ ಪಡೆದರು. ಮೊರಾಕ್ಕೊ ಸರ್ಕಾರದ ಸಹಾಯವೂ ಸಿಕ್ಕಿತು. ಮೊರಾಕ್ಕೊದ ರಾಜತಾಂತ್ರಿಕರು ಇದನ್ನು ಇಂದಿಗೂ ನೆನಪಿಸುತ್ತಾರೆ, ನೆನಪಿಸಲು ಅವರಿಗೆ ಹಕ್ಕಿದೆ.

ಆದರೆ ಆ ನೆರವು ಯಾವುದಕ್ಕಾಗಿ ಸಿಕ್ಕಿತ್ತೋ ಅದನ್ನೇ ಸಹ್ರಾವಿಗಳು ಕೇಳುತ್ತಿದ್ದಾರೆ. ಪರರ ಆಳ್ವಿಕೆ ಕಳಚಿಕೊಳ್ಳಲು ಒಬ್ಬರಿಗೆ ಸಹಾಯ ಮಾಡಿದವರು, ಇನ್ನೊಬ್ಬರ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಿ ಎಂದು ಆ ಋಣವನ್ನು ಮುಂದಿಡಲಾಗದು.

ನೆಲವೇ ಕೈಯಲ್ಲಿಲ್ಲದ ಸರ್ಕಾರಕ್ಕೆ ರಾಷ್ಟ್ರ ಎಂದು ಮಾನ್ಯತೆ ಕೊಡುವುದು ಕಾನೂನಿಗೆ ಸರಿಯೇ?

1933ರ ಮೊಂಟೆವಿಡಿಯೊ ಒಡಂಬಡಿಕೆ ರಾಷ್ಟ್ರಕ್ಕೆ ನಾಲ್ಕು ಲಕ್ಷಣ ಹೇಳುತ್ತದೆ: ಸ್ಥಿರ ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರ್ಕಾರ, ಮತ್ತು ಇತರ ರಾಷ್ಟ್ರಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಕಟ್ಟುನಿಟ್ಟಾಗಿ ಅಳೆದರೆ ಸಹ್ರಾವಿ ಗಣರಾಜ್ಯ ಎಡವುವುದು ಭೂಪ್ರದೇಶದ ಹಿಡಿತದಲ್ಲಿ. ಅದರ ಆಡಳಿತ ನಡೆಯುವುದು ಅಲ್ಜೀರಿಯಾದ ಟಿಂಡೂಫ್ ಬಳಿಯ ರಬೂನಿ ಎಂಬ ಶಿಬಿರದಿಂದ.

ನಮ್ಮ ಹಳ್ಳಿಗಳ ಜಮೀನು ವ್ಯಾಜ್ಯ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ವಾಧೀನ ಬೇರೆ, ಹಕ್ಕು ಬೇರೆ. ಉಳುತ್ತಿರುವವನು ಒಬ್ಬ, ಹಕ್ಕು ಕೇಳುತ್ತಿರುವವನು ಇನ್ನೊಬ್ಬ. ಸ್ವಾಧೀನದಲ್ಲಿರುವವನಿಗೆ ಕಾಲ ಕಳೆದಷ್ಟೂ ಲಾಭ. ಹಕ್ಕು ಕೇಳುವವನು ತಕರಾರನ್ನು ಜೀವಂತ ಇಟ್ಟುಕೊಳ್ಳಲೇಬೇಕು. ಒಂದು ವಾಯಿದೆಗೆ ಗೈರಾದರೂ ಕೇಸು ವಜಾ. ದಕ್ಷಿಣ ಆಫ್ರಿಕಾದ ಮಾನ್ಯತೆ ನೆಲವನ್ನು ಬಿಡಿಸಿಕೊಡಲಿಲ್ಲ. ಕೇಸು ವಜಾ ಆಗದಂತೆ ನೋಡಿಕೊಳ್ಳುವ ಸಾಕ್ಷಿಯಾಗಿ ಅದು ನಿಂತಿದೆ. ಬಲವಂತದಿಂದ ನೆಲ ಕಳೆದುಕೊಂಡವರ ವಿಷಯದಲ್ಲಿ, ಕಳೆದುಕೊಂಡದ್ದನ್ನೇ ಕಾರಣ ಮಾಡಿ ಮಾನ್ಯತೆ ನಿರಾಕರಿಸುವುದು ನ್ಯಾಯವಲ್ಲ ಎಂಬುದು ಮಾನ್ಯತೆ ಕೊಟ್ಟ ದೇಶಗಳ ವಾದ. ನನಗೂ ಅದು ಒಪ್ಪಿಗೆ.

ರಾಯಭಾರ ಕಚೇರಿಗಳು ಎಲ್ಲಿವೆ?

ಸಹ್ರಾವಿ ಗಣರಾಜ್ಯದ ರಾಯಭಾರ ಕಚೇರಿ ದಕ್ಷಿಣ ಆಫ್ರಿಕಾದ ಆಡಳಿತ ರಾಜಧಾನಿ ಪ್ರಿಟೋರಿಯಾದಲ್ಲಿದೆ. ಸಹ್ರಾವಿ ನೆಲದಲ್ಲಿ ದಕ್ಷಿಣ ಆಫ್ರಿಕಾದ ಕಚೇರಿ ಇಲ್ಲ, ಇರುವ ಸ್ಥಿತಿಯಲ್ಲಿ ಇರಲೂ ಸಾಧ್ಯವಿಲ್ಲ. ವ್ಯವಹಾರವೆಲ್ಲ ಅಲ್ಜೀರಿಯಾದ ಮೂಲಕ. 2022ರ ಅಕ್ಟೋಬರ್‌ನಲ್ಲಿ ಸಹ್ರಾವಿ ಅಧ್ಯಕ್ಷ ಬ್ರಾಹಿಮ್ ಘಾಲಿ ಪ್ರಿಟೋರಿಯಾಕ್ಕೆ ಬಂದಾಗ, ದಕ್ಷಿಣ ಆಫ್ರಿಕಾದ ಅಧ್ಯಕ್ಷ ಸಿರಿಲ್ ರಾಮಫೋಸ ಘಾಲಿಯವರನ್ನು ಯಾವುದೇ ರಾಷ್ಟ್ರದ ಮುಖ್ಯಸ್ಥರಿಗೆ ಸಲ್ಲುವ ಮರ್ಯಾದೆಯೊಂದಿಗೆ ಸ್ವಾಗತಿಸಿದರು.

ಮಾನ್ಯತೆ ಎಂಬುದು ಬರೀ ಕಾಗದದ ಮಾತಲ್ಲವೇ? ಅದರಿಂದ ಏನಾದರೂ ನಡೆದಿದೆಯೇ?

ಒಮ್ಮೆ ನಡೆದಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಪಶ್ಚಿಮ ಸಹಾರಾದ ಬೂ ಕ್ರಾ ಎಂಬಲ್ಲಿ ಫಾಸ್ಫೇಟ್ ಗಣಿ ಇದೆ. ಅಲ್ಲಿಂದ ಕರಾವಳಿಯ ಲಾಯೂನ್ ಬಂದರಿನವರೆಗೆ ಸುಮಾರು 100 ಕಿಲೋಮೀಟರ್ ಉದ್ದದ ಸಾಗಣೆ ಪಟ್ಟಿ ಮರುಭೂಮಿಯ ಮೇಲೆ ಹರಿಯುತ್ತದೆ. ಗಣಿ ಮೊರಾಕ್ಕೊದ ಸರ್ಕಾರಿ ಸಂಸ್ಥೆ ಒಸಿಪಿಯ ಕೈಯಲ್ಲಿದೆ. 2017ರಲ್ಲಿ ‘ಚೆರ್‍ರಿ ಬ್ಲಾಸಮ್’ ಎಂಬ ಹಡಗು ಅಲ್ಲಿಂದ ಸುಮಾರು 50,000 ಟನ್ ಫಾಸ್ಫೇಟ್ ತುಂಬಿಕೊಂಡು ನ್ಯೂಜಿಲೆಂಡ್‌ನ ಗೊಬ್ಬರ ಕಂಪನಿಯೊಂದಕ್ಕೆ ತಲುಪಿಸಲು ಹೊರಟಿತು. ದಾರಿಯಲ್ಲಿ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ಬಳಿ ನಿಂತಿತು.

ಸಹ್ರಾವಿ ಗಣರಾಜ್ಯ ಮತ್ತು ಪೊಲಿಸಾರಿಯೊ ಅಲ್ಲಿನ ಹೈಕೋರ್ಟಿಗೆ ಅರ್ಜಿ ಹಾಕಿದವು. ಈ ಸರಕು ನಮ್ಮ ನೆಲದ್ದು, ನಮ್ಮ ಜನರ ಒಪ್ಪಿಗೆ ಇಲ್ಲದೆ ಅಗೆದದ್ದು, ಹಡಗು ಮುಂದೆ ಹೋಗಕೂಡದು ಎಂಬುದು ಅವರ ಅಹವಾಲು. ಮೇ 1ರಂದು ಹಡಗನ್ನು ತಡೆಯಲಾಯಿತು. ಜೂನ್ 15ರಂದು ಕೋರ್ಟು, ವಿಚಾರಣೆ ನಡೆಸುವಷ್ಟು ಹುರುಳು ಈ ಹಕ್ಕೊತ್ತಾಯದಲ್ಲಿದೆ ಎಂದು ಹೇಳಿತು. ಒಸಿಪಿ ಇದು ರಾಜಕೀಯ ಎಂದು ಸಾರಿ ಮೊಕದ್ದಮೆಯಿಂದ ಹಿಂದೆ ಸರಿಯಿತು. 2018ರ ಫೆಬ್ರವರಿ 23ರಂದು ಕೋರ್ಟು ಸರಕಿನ ಒಡೆತನ ಸಹ್ರಾವಿಗಳದೇ ಎಂದು ತೀರ್ಪು ಕೊಟ್ಟಿತು.

ತೀರ್ಪು ಬಂದಷ್ಟು ಸುಲಭವಾಗಿ ದುಡ್ಡು ಬರಲಿಲ್ಲ. ವ್ಯಾಜ್ಯದ ಕಳಂಕ ಅಂಟಿದ ಫಾಸ್ಫೇಟ್ ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಒಂದು ವರ್ಷ ನಿಂತಿದ್ದ ಹಡಗು ಆ ಮೇ ತಿಂಗಳಲ್ಲಿ ಬಂದರು ಬಿಟ್ಟಿತು, ಸಹ್ರಾವಿಗಳ ಕೈಗೆ ಸರಕಿನ ಬೆಲೆ ಸೇರಲಿಲ್ಲ. ಆದರೂ ಸಹಾರಾದ ಫಾಸ್ಫೇಟ್ ಹೊತ್ತ ಹಡಗುಗಳು ಆಮೇಲೆ ದಕ್ಷಿಣ ಆಫ್ರಿಕಾದ ಬಂದರುಗಳನ್ನು ತಪ್ಪಿಸಿ ಸಾಗತೊಡಗಿದವು. ನಿರಾಶ್ರಿತರ ಶಿಬಿರದಿಂದ ನಡೆಯುವ ಒಂದು ಸರ್ಕಾರ, ಸಾವಿರಾರು ಕಿಲೋಮೀಟರ್ ದೂರದ ಸಮುದ್ರದಲ್ಲಿ ಒಂದು ಹಡಗಿನ ಲಂಗರು ಹಿಡಿದು ನಿಲ್ಲಿಸಿತ್ತು!

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಚೆರ್‍ರಿ ಬ್ಲಾಸಮ್ ತಡೆದ 2017ರ ಮೇ ತಿಂಗಳಲ್ಲೇ ಕೆನಡಾಗೆ ಹೊರಟಿದ್ದ ಮತ್ತೊಂದು ಫಾಸ್ಫೇಟ್ ಹಡಗನ್ನು ಪನಾಮಾದಲ್ಲಿ ತಡೆಯಲಾಯಿತು. ಪನಾಮಾ ಕೂಡ ಆಗ ಸಹ್ರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟಿದ್ದ ದೇಶವೇ. ಅಲ್ಲಿನ ಕೋರ್ಟು ಮಾತ್ರ ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಅರ್ಜಿ ತಳ್ಳಿಹಾಕಿತು. ಅಂದರೆ ಮಾನ್ಯತೆಯೊಂದೇ ಸಾಲದು. ಅದನ್ನು ಗಂಭೀರವಾಗಿ ಪರಿಗಣಿಸುವ ನ್ಯಾಯಾಲಯವೂ ಬೇಕು.

ದಕ್ಷಿಣ ಆಫ್ರಿಕಾ ಮತ್ತು ಮೊರಾಕ್ಕೊ ಸಂಬಂಧ ಕಡಿದುಕೊಂಡಿವೆಯೇ?

ಇಲ್ಲ. 2004ರಲ್ಲಿ ಮೊರಾಕ್ಕೊ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು, ವರ್ಷಗಟ್ಟಲೆ ಆ ಹುದ್ದೆ ಖಾಲಿ ಇತ್ತು. 2017ರ ನವೆಂಬರ್‌ನಲ್ಲಿ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಆಗಿನ ದಕ್ಷಿಣ ಆಫ್ರಿಕಾ ಅಧ್ಯಕ್ಷ ಜೇಕಬ್ ಜುಮಾ ಮತ್ತು ರಾಜ ಆರನೇ ಮೊಹಮ್ಮದ್ ಭೇಟಿಯಾದ ಮೇಲೆ ರಾಯಭಾರಿಗಳನ್ನು ಮತ್ತೆ ನೇಮಿಸಲಾಯಿತು. ವ್ಯಾಪಾರ ನಡೆದೇ ಇದೆ. ದಕ್ಷಿಣ ಆಫ್ರಿಕಾದ ವಿಮಾ ಕಂಪನಿ ಸಾನ್ಲಾಮ್ 2018ರಲ್ಲಿ ಮೊರಾಕ್ಕೊದ ಸಹಾಮ್ ಫೈನಾನ್ಸಸ್ ಅನ್ನು ಸುಮಾರು 100 ಕೋಟಿ ಡಾಲರ್ ವ್ಯವಹಾರದಲ್ಲಿ ಪೂರ್ಣವಾಗಿ ತನ್ನದಾಗಿಸಿಕೊಂಡಿತು.

ಆಫ್ರಿಕಾ ಒಕ್ಕೂಟದಲ್ಲಿ ಮೊರಾಕ್ಕೊ ಮತ್ತು ಸಹ್ರಾವಿ ಗಣರಾಜ್ಯ ಎರಡೂ ಇವೆಯಂತೆ. ಅದು ಹೇಗೆ?

ಹೌದು, ಒಂದೇ ಸಭಾಂಗಣದಲ್ಲಿ ಎರಡೂ ಧ್ವಜಗಳಿವೆ. ಒಕ್ಕೂಟದ ಹಿಂದಿನ ರೂಪವಾದ ಆಫ್ರಿಕಾ ಏಕತಾ ಸಂಘಟನೆ 1982ರಲ್ಲಿ ಸಹ್ರಾವಿ ಗಣರಾಜ್ಯವನ್ನು ಸೇರಿಸಿಕೊಂಡಾಗ ಹಲವು ದೇಶಗಳು ಸಭೆಯಿಂದ ಹೊರನಡೆದವು, ಸಂಘಟನೆಯೇ ಒಡೆಯುವ ಹಂತಕ್ಕೆ ಬಂತು. 1984ರಲ್ಲಿ ಸಹ್ರಾವಿ ನಿಯೋಗ ಶೃಂಗಸಭೆಯಲ್ಲಿ ಕುಳಿತದ್ದೇ ತಡ, ಮೊರಾಕ್ಕೊ ಸಂಘಟನೆಯನ್ನೇ ತೊರೆಯಿತು. ವರ್ಣಭೇದ ಮುಗಿದು 1994ರಲ್ಲಿ ದಕ್ಷಿಣ ಆಫ್ರಿಕಾ ಆ ಸಭೆಗೆ ಕಾಲಿಟ್ಟಾಗ ಸಹ್ರಾವಿಗಳು ಆಗಲೇ ಸದಸ್ಯರು, ಮೊರಾಕ್ಕೊ ಹೊರಗೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಹೊರಗಿದ್ದು ಆಟ ಗೆಲ್ಲಲಾಗದು ಎಂದು ಕಂಡುಕೊಂಡ ಮೊರಾಕ್ಕೊ 2017ರ ಜನವರಿಯಲ್ಲಿ ಒಕ್ಕೂಟಕ್ಕೆ ಮರಳಿತು.

ಇದರ ಪರಿಣಾಮ ಬೇಗ ಕಂಡಿತು. 2019ರ ಮಾರ್ಚ್‌ನಲ್ಲಿ ಪ್ರಿಟೋರಿಯಾದಲ್ಲಿ ಪಶ್ಚಿಮ ಸಹಾರಾಕ್ಕೆ ಬೆಂಬಲದ ಸಮ್ಮೇಳನ ನಡೆದ ದಿನವೇ ಮೊರಾಕ್ಕೊ ಮರಾಕೇಶ್‌ನಲ್ಲಿ ಪ್ರತಿಸಮ್ಮೇಳನ ಕರೆದು ಮೂವತ್ತಕ್ಕೂ ಹೆಚ್ಚು ಆಫ್ರಿಕನ್ ದೇಶಗಳನ್ನು ಸೇರಿಸಿತು.

ದಕ್ಷಿಣ ಆಫ್ರಿಕಾ ಕೊಸೊವೊಗೆ ಮಾನ್ಯತೆ ಕೊಟ್ಟಿಲ್ಲ, ತೈವಾನ್‌ಗೂ ಇಲ್ಲ. ಇಲ್ಲಿ ಮಾತ್ರ ಏಕೆ?

ಮೇಲ್ನೋಟಕ್ಕೆ ಇಬ್ಬಂದಿತನ ಎನಿಸುತ್ತದೆ. ಆದರೆ ಕೊಸೊವೊ ವಿಷಯದಲ್ಲಿ ಒಂದು ತತ್ವ ಇದೆ. 1964ರಲ್ಲಿ ಕೈರೋದಲ್ಲಿ ಆಫ್ರಿಕಾದ ನಾಯಕರು, ಸ್ವಾತಂತ್ರ್ಯ ಬಂದಾಗ ಇದ್ದ ವಸಾಹತು ಗಡಿಗಳನ್ನೇ ಗೌರವಿಸುತ್ತೇವೆ ಎಂದು ನಿರ್ಣಯಿಸಿದರು. ಆ ಗಡಿಗಳು ಅನ್ಯಾಯದವು ಎಂಬುದು ಅವರಿಗೆ ಗೊತ್ತಿತ್ತು. ಅವುಗಳನ್ನು ಕೆದಕಿದರೆ ಖಂಡವೇ ಹೊತ್ತಿ ಉರಿಯುತ್ತದೆ ಎಂಬುದೂ ಗೊತ್ತಿತ್ತು. ಕೊಸೊವೊ ಇದ್ದ ದೇಶದಿಂದ ಸಿಡಿದು ಬೇರೆಯಾದದ್ದು. ಪಶ್ಚಿಮ ಸಹಾರಾ ತನ್ನದೇ ಗಡಿಯಿದ್ದ ಸ್ಪೇನ್‌ನ ವಸಾಹತು. ಆದ್ದರಿಂದ ಇದು ಪ್ರತ್ಯೇಕತೆಯಲ್ಲ, ಅರ್ಧಕ್ಕೆ ನಿಂತ ವಸಾಹತು ವಿಮೋಚನೆ ಎಂಬುದು ಪ್ರಿಟೋರಿಯಾದ ನಿಲುವು.

ತೈವಾನ್ ವಿಷಯದಲ್ಲಿ ತತ್ವಕ್ಕಿಂತ ಲೆಕ್ಕಾಚಾರವೇ ಹೆಚ್ಚು. 1997ರ ಕೊನೆಯವರೆಗೂ ದಕ್ಷಿಣ ಆಫ್ರಿಕಾ ತೈವಾನ್ ಜೊತೆಗಿತ್ತು, 1998ರ ಜನವರಿ 1ರಿಂದ ಬೀಜಿಂಗ್ ಕಡೆಗೆ ಹೊರಳಿತು. ಆಫ್ರಿಕಾದಲ್ಲಿ ಈಗ ತೈವಾನ್‌ಗೆ ಮಾನ್ಯತೆ ಉಳಿಸಿಕೊಂಡಿರುವುದು ಎಸ್ವಾಟಿನಿ ಒಂದೇ.

ಕೀನ್ಯಾ, ಘಾನಾ ಮೊದಲಾದ ದೇಶಗಳು ಹಿಂದೆ ಸರಿದದ್ದೇಕೆ?

ಕೀನ್ಯಾದ ಕಥೆ ವಿಚಿತ್ರ. 2022ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ವಿಲಿಯಂ ರುಟೊ ಅವರ ಪ್ರಮಾಣವಚನಕ್ಕೆ ಬ್ರಾಹಿಮ್ ಘಾಲಿ ಬಂದಿದ್ದರು. ಮರುದಿನ ಮೊರಾಕ್ಕೊದ ವಿದೇಶಾಂಗ ಸಚಿವರನ್ನು ಭೇಟಿಯಾದ ರುಟೊ, ಸಹ್ರಾವಿ ಮಾನ್ಯತೆ ಹಿಂದೆಗೆದುಕೊಂಡಿದ್ದೇವೆ ಎಂದು ಟ್ವಿಟರ್‌ನಲ್ಲಿ ಬರೆದರು. ಸ್ವಲ್ಪ ಹೊತ್ತಿನಲ್ಲೇ ಅದನ್ನು ಅಳಿಸಲಾಯಿತು. ಕೀನ್ಯಾದ ವಿದೇಶಾಂಗ ನೀತಿ ಟ್ವಿಟರ್‌ನಲ್ಲಿ ನಿರ್ಧಾರವಾಗುವುದಿಲ್ಲ ಎಂದು ಅವರದೇ ವಿದೇಶಾಂಗ ಇಲಾಖೆ ಸ್ಪಷ್ಟನೆ ಕೊಡಬೇಕಾಯಿತು. ಆದರೆ 2025ರ ಮೇ ತಿಂಗಳಲ್ಲಿ ಸಹಾರಾವನ್ನು ತನ್ನೊಳಗೇ ಉಳಿಸಿಕೊಂಡು ಸ್ಥಳೀಯ ಆಡಳಿತ ಕೊಡುವ ಮೊರಾಕ್ಕೊದ ಸ್ವಾಯತ್ತತೆ ಯೋಜನೆಯ ಬೆಂಬಲಕ್ಕೆ ಕೀನ್ಯಾ ನಿಂತಿತು. 1979ರಿಂದ ಜೊತೆಗಿದ್ದ ಘಾನಾ 2025ರ ಜನವರಿ 7ರಂದು ಸಂಬಂಧ ಅಮಾನತು ಮಾಡಿತು. 2019ರ ಡಿಸೆಂಬರ್‌ನಲ್ಲಿ ಕೊಮೊರೊಸ್ ಮೊರಾಕ್ಕೊದ ಹಿಡಿತದಲ್ಲಿರುವ ಲಾಯೂನ್‌ನಲ್ಲಿ ಕಾನ್ಸುಲೇಟ್ ತೆರೆದ ಮೇಲೆ ಅನೇಕ ಆಫ್ರಿಕನ್ ದೇಶಗಳು ಅದೇ ದಾರಿ ಹಿಡಿದವು.

ಗೊಬ್ಬರ, ಬ್ಯಾಂಕುಗಳ ಹೂಡಿಕೆ, ವಿದ್ಯಾರ್ಥಿವೇತನ, ರಾಜರ ಖುದ್ದು ಪ್ರವಾಸಗಳು, ಇವೆಲ್ಲ ಮೊರಾಕ್ಕೊದ ಬತ್ತಳಿಕೆಯಲ್ಲಿವೆ. ಸಹ್ರಾವಿಗಳ ಬಳಿ ಕೊಡಲು ಏನೂ ಇಲ್ಲ. ಬಡ ದೇಶವೊಂದು ತನ್ನ ರೈತರ ಗೊಬ್ಬರಕ್ಕಾಗಿ ಮನಸ್ಸು ಬದಲಿಸಿದರೆ ಅದನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ದಕ್ಷಿಣ ಆಫ್ರಿಕಾದಂಥ ದೊಡ್ಡ ಆರ್ಥಿಕತೆಗೆ ಆ ಒತ್ತಡ ತಡೆಯುವ ಶಕ್ತಿ ಇದೆ ಎಂಬುದೂ ನಿಜವೇ.

ಭಾರತದ ನಿಲುವೇನು?

ಭಾರತ 1985ರ ಅಕ್ಟೋಬರ್ 1ರಂದು, ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗ, ಸಹ್ರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟಿತ್ತು. ದೆಹಲಿಯಲ್ಲಿ ಅವರ ರಾಯಭಾರ ಕಚೇರಿಯೂ ತೆರೆದಿತ್ತು. 2000ದ ಜೂನ್ 26ರಂದು ಆ ಮಾನ್ಯತೆಯನ್ನು ಹಿಂದೆಗೆದುಕೊಳ್ಳಲಾಯಿತು. ಇದು ಎಷ್ಟೋ ಜನ ಭಾರತೀಯರಿಗೆ ತಿಳಿದೇ ಇಲ್ಲ.

ಇಲ್ಲೂ ಫಾಸ್ಫೇಟ್ ಮರೆಯಲ್ಲಿದೆ. ಡಿಎಪಿ ತಯಾರಿಸಲು ಬೇಕಾದ ಕಚ್ಚಾವಸ್ತು ಭಾರತದಲ್ಲಿ ಸಾಕಷ್ಟು ಸಿಗುವುದಿಲ್ಲ; ಮೊರಾಕ್ಕೊ ನಮಗೆ ಪ್ರಮುಖ ಪೂರೈಕೆದಾರ. ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಕಂಪನಿಯಲ್ಲಿ ಒಸಿಪಿಗೆ ಪಾಲಿದೆ. ಮಂಗಳೂರಿನ ಪಣಂಬೂರಿನಲ್ಲಿರುವ ಮಂಗಳೂರು ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್ ಕಂಪನಿಯನ್ನು ಪಾರಾದೀಪ್ ಫಾಸ್ಫೇಟ್ಸ್‌ನೊಂದಿಗೆ ವಿಲೀನಗೊಳಿಸುವ ಯೋಜನೆಗೆ 2024ರಲ್ಲಿ ಎರಡೂ ಆಡಳಿತ ಮಂಡಳಿಗಳು ಒಪ್ಪಿದವು. ಮೊರಾಕ್ಕೊದ ಫಾಸ್ಫೇಟ್ ಎಲ್ಲವೂ ಸಹಾರಾದ್ದಲ್ಲ, ಖೌರಿಬ್ಗಾದಂಥ ಭಾರಿ ಗಣಿಗಳು ಮೊರಾಕ್ಕೊದ ಒಳಗೇ ಇವೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆದರೂ ಕರ್ನಾಟಕದ ರೈತ ಗೊಬ್ಬರಕ್ಕೆ ಸರದಿಯಲ್ಲಿ ನಿಲ್ಲುವುದಕ್ಕೂ ದೆಹಲಿಯ ಮೌನಕ್ಕೂ ನಡುವೆ ಎಳೆ ಇದೆ.

ಮೊರಾಕ್ಕೊದ ವಾದದಲ್ಲಿ ಹುರುಳೇ ಇಲ್ಲವೇ?

ಇದೆ. 2007ರಲ್ಲಿ ಅದು ಮುಂದಿಟ್ಟ ಸ್ವಾಯತ್ತತೆ ಯೋಜನೆಯಲ್ಲಿ ಸಹಾರಾಕ್ಕೆ ಸ್ವಂತ ಶಾಸನಸಭೆ, ಸ್ಥಳೀಯ ಸರ್ಕಾರ, ಕೋರ್ಟುಗಳಿವೆ. ರಕ್ಷಣೆ, ವಿದೇಶಾಂಗ ವ್ಯವಹಾರ ಮತ್ತು ರಾಜನ ಧಾರ್ಮಿಕ ಅಧಿಕಾರ ಮೊರಾಕ್ಕೊದ ರಾಜಧಾನಿ ರಬಾತ್‌ನಲ್ಲೇ ಇರುತ್ತವೆ. ಲಾಯೂನ್, ದಾಖ್ಲಾ ನಗರಗಳಲ್ಲಿ ರಸ್ತೆ, ಬಂದರು, ಮನೆಗಳಿಗೆ ಅದು ಅಪಾರ ಹಣ ಸುರಿದಿದೆ. ಮೊರಾಕ್ಕೊದೊಂದಿಗೆ ಇರಲು ಬಯಸುವ ಸಹ್ರಾವಿಗಳೂ ಇದ್ದಾರೆ. ಪೊಲಿಸಾರಿಯೊ ಕೂಡ ಹಾಲಿನಲ್ಲಿ ಮಿಂದು ಬಂದ ಸಂಘಟನೆಯೇನಲ್ಲ. ಕದನ ವಿರಾಮವಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ, 2005ರ ಆಗಸ್ಟ್‌ನಲ್ಲಿ, ಕೊನೆಯ 404 ಮೊರಾಕ್ಕೊ ಯುದ್ಧಕೈದಿಗಳನ್ನು ಅದು ಬಿಟ್ಟಿತು. ಆ ಕೈದಿಗಳ ಮನೆಯವರಿಗೂ ಒಂದು ಲೆಕ್ಕ ಬಾಕಿ ಇದೆ.

ಆದರೆ ಯೋಜನೆ ಅಷ್ಟು ಒಳ್ಳೆಯದಾದರೆ ಅದನ್ನು ಸ್ವಾತಂತ್ರ್ಯದ ಜೊತೆಗಿಟ್ಟು ಜನರನ್ನೇ ಕೇಳಬಹುದಿತ್ತು. ಮೂವತ್ತು ವರ್ಷಗಳಿಂದ ನಡೆಯದೆ ಉಳಿದಿರುವುದು ಅದೊಂದೇ ಕೆಲಸ.

ದಕ್ಷಿಣ ಆಫ್ರಿಕಾದ ಒಳಗೆ ಎಲ್ಲರೂ ಈ ನಿಲುವನ್ನು ಒಪ್ಪುತ್ತಾರೆಯೇ?

ಈಗ ಇಲ್ಲ. ಹಿಂದೆ ಇದೇ ಮಾನ್ಯತೆಯನ್ನು ಅಧ್ಯಕ್ಷರಾಗಿ ಕಾಪಾಡಿದ್ದ ಜೇಕಬ್ ಜುಮಾ, ತಮ್ಮ ಹೊಸ ಪಕ್ಷದ ನಾಯಕರಾಗಿ 2025ರ ಜುಲೈನಲ್ಲಿ ರಬಾತ್‌ಗೆ ಹೋಗಿ ಸ್ವಾಯತ್ತತೆ ಯೋಜನೆಯನ್ನು ಬೆಂಬಲಿಸಿದರು. ಆ ಭೇಟಿಯಲ್ಲಿ ದಕ್ಷಿಣ ಆಫ್ರಿಕಾದ ರಾಷ್ಟ್ರಧ್ವಜ ಬಳಸಿದ್ದಕ್ಕೆ ಪ್ರಿಟೋರಿಯಾ ಪ್ರತಿಭಟಿಸಿತು. ಸರ್ಕಾರದ ಅಧಿಕೃತ ನಿಲುವು ಬದಲಾಗಿಲ್ಲ. 2019 ಮತ್ತು 2020ರಲ್ಲಿ ಭದ್ರತಾ ಮಂಡಳಿಯ ಸದಸ್ಯನಾಗಿದ್ದಾಗಲೂ ಅದು ಮಿನುರ್ಸೊ ಅವಧಿ ವಿಸ್ತರಿಸುವ ನಿರ್ಣಯಗಳಲ್ಲಿ ಸ್ವನಿರ್ಣಯದ ಮಾತು ತೆಳುವಾಗುತ್ತಿದೆ ಎಂದು ಮತದಾನದಿಂದ ದೂರ ಉಳಿದಿತ್ತು.

ಈಗ ದೊಡ್ಡ ದೇಶಗಳೆಲ್ಲ ಮೊರಾಕ್ಕೊ ಕಡೆಗೆ ವಾಲಿವೆ. ಈ ಮಾನ್ಯತೆಗೆ ಇನ್ನೇನು ಬೆಲೆ?

ಗಾಳಿ ಮೊರಾಕ್ಕೊದ ಕಡೆಗೆ ಬೀಸುತ್ತಿರುವುದು ಸತ್ಯ. 2020ರ ನವೆಂಬರ್‌ನಲ್ಲಿ ಮಾರಿಟೇನಿಯಾ ಕಡೆಯ ಗೆರ್ಗರಾತ್ ಗಡಿಯ ಘಟನೆಯಿಂದ ಕದನ ವಿರಾಮ ಮುರಿಯಿತು. ಮುಂದಿನ ತಿಂಗಳು ಡೊನಾಲ್ಡ್ ಟ್ರಂಪ್ ಮೊರಾಕ್ಕೊದ ಸಾರ್ವಭೌಮತ್ವ ಒಪ್ಪಿದರು. 2022ರಲ್ಲಿ ಸ್ಪೇನ್, 2024ರಲ್ಲಿ ಫ್ರಾನ್ಸ್, 2025ರಲ್ಲಿ ಬ್ರಿಟನ್ ಸ್ವಾಯತ್ತತೆ ಯೋಜನೆಯ ಬೆನ್ನಿಗೆ ನಿಂತವು. 2025ರ ಅಕ್ಟೋಬರ್ 31ರಂದು ಭದ್ರತಾ ಮಂಡಳಿಯ 2797ನೇ ನಿರ್ಣಯ, ಮಾತುಕತೆ ಆ ಯೋಜನೆಯ ಆಧಾರದ ಮೇಲೆ ನಡೆಯಲಿ ಎಂದಿತು. ರಷ್ಯಾ, ಚೀನಾ, ಪಾಕಿಸ್ತಾನ ದೂರ ಉಳಿದವು, ಅಲ್ಜೀರಿಯಾ ಮತದಾನದಲ್ಲೇ ಭಾಗವಹಿಸಲಿಲ್ಲ.

ಆದರೆ ನ್ಯಾಯಾಲಯಗಳು ಬೇರೆ ಮಾತಾಡುತ್ತಿವೆ. 2022ರ ಸೆಪ್ಟೆಂಬರ್‌ನಲ್ಲಿ ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ, ಸಹ್ರಾವಿಗಳ ಸ್ವನಿರ್ಣಯದ ಹಕ್ಕಿಗೆ ಬೆಂಬಲ ನೀಡುವ ಹೊಣೆ ಎಲ್ಲ ದೇಶಗಳದೂ ಎಂದು ಹೇಳಿತು. 2024ರ ಅಕ್ಟೋಬರ್ 4ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ, ಸಹ್ರಾವಿ ಜನರ ಒಪ್ಪಿಗೆ ಇಲ್ಲದೆ ಮೊರಾಕ್ಕೊದೊಂದಿಗೆ ಮಾಡಿಕೊಂಡ ಮೀನುಗಾರಿಕೆ ಮತ್ತು ಕೃಷಿ ಒಪ್ಪಂದಗಳು ಸಿಂಧುವಲ್ಲ ಎಂದಿತು. ರಾಜಧಾನಿಗಳು ಒಂದು ದಿಕ್ಕಿಗೆ, ನ್ಯಾಯಪೀಠಗಳು ಇನ್ನೊಂದು ದಿಕ್ಕಿಗೆ ಮುಖ ಮಾಡಿರುವ ಈ ಹೊತ್ತಿನಲ್ಲಿ, ನ್ಯಾಯಪೀಠಗಳ ಕಡೆ ನಿಂತಿರುವ ಕೆಲವೇ ಪ್ರಭಾವಿ ರಾಜಧಾನಿಗಳಲ್ಲಿ ಪ್ರಿಟೋರಿಯಾ ಒಂದು. ಬೆಲೆ ಇರುವುದು ಅಲ್ಲಿ.

ಇಷ್ಟೆಲ್ಲದರ ನಡುವೆ ಸಾಮಾನ್ಯ ಸಹ್ರಾವಿ ಎಲ್ಲಿದ್ದಾನೆ?

ಕೆಲವರು ಗೋಡೆಯ ಪಶ್ಚಿಮಕ್ಕೆ, ಮೊರಾಕ್ಕೊದ ಆಡಳಿತದಲ್ಲಿ. ಇನ್ನು 1,73,600 ಜನ, 2018ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಅಂದಾಜಿನಂತೆ, ಟಿಂಡೂಫ್ ಬಳಿಯ ಐದು ಶಿಬಿರಗಳಲ್ಲಿ. ಬೇಸಿಗೆಯಲ್ಲಿ ಕಾದ ಹೆಂಚಿನಂಥ ಆ ಬಯಲಲ್ಲಿ ಮಣ್ಣಿನ ಇಟ್ಟಿಗೆಯ ಮನೆಗಳು, ಗುಡಾರಗಳು, ಲಾರಿಯಲ್ಲಿ ಬರುವ ನೀರು, ಪಡಿತರದ ಹಿಟ್ಟು. ಅರಬ್ಬಿಯ ಹಸ್ಸಾನಿಯಾ ನುಡಿಯ ಜೊತೆಗೆ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಾರೆ. 1976ರಲ್ಲಿ ತಾಯಿಯ ಸೊಂಟದ ಮೇಲೆ ಕುಳಿತು ಬಂದ ಕೂಸುಗಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ.

ಆ ಐದು ಶಿಬಿರಗಳಿಗೆ ಬಿಟ್ಟುಬಂದ ಊರುಗಳ ಹೆಸರನ್ನೇ ಇಟ್ಟಿದ್ದಾರೆ: ಲಾಯೂನ್, ಸ್ಮಾರಾ, ದಾಖ್ಲಾ, ಔಸರ್ದ್, ಬೂಜ್ದೂರ್. ಅಲ್ಲಿ ಹುಟ್ಟಿದ ಮಗುವನ್ನು ಯಾವ ಊರು ಎಂದು ಕೇಳಿದರೆ ಸ್ಮಾರಾ ಎನ್ನುತ್ತದೆ. ಆ ಹೆಸರಿನ ನಿಜವಾದ ಊರು ಗೋಡೆಯ ಆಚೆಗಿದೆ, ಮಗು ಅದನ್ನು ಕಂಡಿಲ್ಲ.